ಸಂತೆಯ ಮೇಲೆ ನಿಂತ ನ್ಯಾಯಸ್ಥಾನ

ಉತ್ತರ ಇಟಲಿಯ ಪಾದುವಾ ಪಟ್ಟಣದ ನಟ್ಟನಡುವೆ ಎರಡು ಸಂತೆಚೌಕಗಳಿವೆ. ದಕ್ಷಿಣದ್ದು ಸೊಪ್ಪು ತರಕಾರಿಯ ಚೌಕ, ಉತ್ತರದ್ದು ಹಣ್ಣಿನ ಚೌಕ. ಎರಡರ ನಡುವೆ ಉದ್ದಕ್ಕೆ ಚಾಚಿಕೊಂಡಿರುವ ಭಾರಿ ಕಟ್ಟಡದ ಹೆಸರು ‘ಪಲಾಜ್ಜೊ ದೆಲ್ಲಾ ರಾಜೋನೆ’, ನ್ಯಾಯದ ಅರಮನೆ. ಊರಿನವರು ಅಷ್ಟುದ್ದ ಹೇಳುವುದಿಲ್ಲ. ‘ಸಲೋನೆ’, ಅಂದರೆ ದೊಡ್ಡ ಹಜಾರ, ಎಂದುಬಿಡುತ್ತಾರೆ. ಅರಮನೆ ಎಂಬ ಹೆಸರಿದ್ದರೂ ಇಲ್ಲಿ ಯಾವ ಅರಸನೂ ಬಾಳಲಿಲ್ಲ. ತಮ್ಮ ವ್ಯಾಜ್ಯಗಳನ್ನು ತೀರಿಸಿಕೊಳ್ಳಲು 13ನೇ ಶತಮಾನದಲ್ಲಿ ಊರಿನ ಜನ ತಾವೇ ಕಟ್ಟಿಸಿಕೊಂಡ ಮನೆ ಇದು. ಕೆಳಗೆ ಕಮಾನುಗಳಡಿ ಅಂಗಡಿ ಸಾಲು, ಮೇಲಂತಸ್ತಿನಲ್ಲಿ ನ್ಯಾಯಾಲಯ. ಮೇಲಿನ ಹಜಾರದ ಉದ್ದ ಸುಮಾರು 81 ಮೀಟರ್, ಅಗಲ 27 ಮೀಟರ್, ಎತ್ತರವೂ ಹೆಚ್ಚುಕಡಿಮೆ ಅಗಲದಷ್ಟೇ. ಇಷ್ಟು ವಿಸ್ತಾರದ ನಡುವೆ ಒಂದೇ ಒಂದು ಕಂಬವಿಲ್ಲ.

ಎಂಟುನೂರು ವರ್ಷಗಳಲ್ಲಿ ಈ ಕಟ್ಟಡ ಒಮ್ಮೆ ಬೆಂಕಿಗೆ, ಒಮ್ಮೆ ಬಿರುಗಾಳಿಗೆ ತನ್ನ ಛಾವಣಿಯನ್ನು ಒಪ್ಪಿಸಿದೆ. ಯುರೋಪಿನ ಮಹಾ ಚಿತ್ರಕಾರನೊಬ್ಬನ ಕೆಲಸವನ್ನು ಕಳೆದುಕೊಂಡಿದೆ. ನಗರಸಭೆ, ನಿರಂಕುಶ ಪ್ರಭು, ಪಾಳೆಯಗಾರ ಮನೆತನ, ವೆನಿಸ್ ಗಣರಾಜ್ಯ, ನೆಪೋಲಿಯನ್, ಹೀಗೆ ಒಬ್ಬರಾದ ಮೇಲೊಬ್ಬರ ಆಳ್ವಿಕೆಯನ್ನು ಕಂಡಿದೆ. ಅದು ಉಳಿದು ಬಂದ ಬಗೆಯನ್ನು ತಿಳಿಯಬೇಕಾದರೆ ಪ್ರವಾಸಿಗರು ತಲೆಯೆತ್ತಿ ನೋಡುವ ಛಾವಣಿಯ ಜೊತೆಗೆ ಕೆಳಗಿನ ಮಾಂಸದಂಗಡಿ, ಗಿಣ್ಣಿನಂಗಡಿಗಳ ಲೆಕ್ಕವನ್ನೂ ತೆಗೆಯಬೇಕು.

ಊರು ಕಟ್ಟಿಸಿದ ಮನೆ

ರೋಮನ್ನರ ಕಾಲದಲ್ಲಿ ಪತಾವಿಯಂ ಎನಿಸಿಕೊಂಡಿದ್ದ ಪಾದುವಾ, ಇತಿಹಾಸಕಾರ ಲಿವಿಯ ಹುಟ್ಟೂರು. 12ನೇ ಶತಮಾನದ ಹೊತ್ತಿಗೆ ಉತ್ತರ ಇಟಲಿಯ ಹಲವು ಪಟ್ಟಣಗಳಂತೆ ಇದೂ ಹೆಸರಿಗಷ್ಟೇ ಚಕ್ರವರ್ತಿಗೆ ಅಧೀನವಾಗಿದ್ದು, ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳುತ್ತಿತ್ತು. ಇಂಥ ಪಟ್ಟಣಗಳಿಗೆ ಒಂದು ದೊಡ್ಡ ತೊಡಕಿತ್ತು. ಊರಿನ ದೊಡ್ಡ ಮನೆತನಗಳ ನಡುವೆ ಹಗೆತನ ಕುದಿಯುತ್ತಿರುವಾಗ ತೀರ್ಪು ಹೇಳಬೇಕಾದವರು ಯಾರು? ಯಾವ ಮನೆಯವನು ಕೂತರೂ ಎದುರು ಮನೆಯವನು ಒಪ್ಪುತ್ತಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ದಾರಿ, ಬೇರೆ ಊರಿನವನೊಬ್ಬನನ್ನು ಸಂಬಳ ಕೊಟ್ಟು ಕರೆತಂದು ಗೊತ್ತಾದ ಅವಧಿಗೆ ಅಧಿಕಾರ ಒಪ್ಪಿಸುವುದು. ಈ ಅಧಿಕಾರಿಗೆ ಪೊದೆಸ್ತಾ ಎಂದು ಹೆಸರು. ಅವಧಿ ಮುಗಿದರೆ ಅವನು ಗಂಟುಮೂಟೆ ಕಟ್ಟಿಕೊಂಡು ಹೊರಡಬೇಕು.

ಮನುಷ್ಯ ಬದಲಾಗುತ್ತಿದ್ದರೂ ಪೀಠ ನಿಲ್ಲಬೇಕಲ್ಲ. 1218ರಲ್ಲಿ ಕೆಲಸ ಶುರುವಾಗಿ ಮರುವರ್ಷ ಮುಗಿದ ಕಟ್ಟಡ ಆ ಸ್ಥಿರತೆಯನ್ನು ಇಟ್ಟಿಗೆ ಗಾರೆಯಲ್ಲಿ ಕೊಟ್ಟಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1222ರಲ್ಲಿ, ಬೊಲೋನ್ಯಾ ಬಿಟ್ಟು ಬಂದ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರಿಂದ ಪಾದುವಾದಲ್ಲಿ ವಿಶ್ವವಿದ್ಯಾಲಯ ಹುಟ್ಟಿಕೊಂಡಿತು. ಅದರ ಆರಂಭದ ಬಲವೇ ಕಾನೂನಿನ ಪಾಠ. ಹೀಗೆ ಕಾನೂನನ್ನು ಕಲಿಸುವ ಜಾಗ, ಅದನ್ನು ನಡೆಸುವ ಜಾಗ ಎರಡೂ ಒಂದೇ ತಲೆಮಾರಿನಲ್ಲಿ, ಒಂದೇ ಊರಿನಲ್ಲಿ ಎದ್ದವು.

ಕಟ್ಟಡದ ನಕ್ಷೆ ನೇರವಾದ ಆಯತವಲ್ಲ. ಗೋಡೆಗಳು ಒಂದಕ್ಕೊಂದು ಲಂಬವಾಗಿಲ್ಲ. ಮೂಲೆಗಳು ಸ್ವಲ್ಪ ಸೊಟ್ಟ. ಮೇಲಂತಸ್ತಿಗೆ ಹೊರಗಿನಿಂದಲೇ ನಾಲ್ಕು ಮೆಟ್ಟಿಲ ಸಾಲುಗಳಿದ್ದವು. ಅವುಗಳಿಗೆ ಯಾವ ಸಂತನ ಹೆಸರೂ ಇಲ್ಲ, ಯಾವ ಪ್ರಭುವಿನ ಹೆಸರೂ ಇಲ್ಲ. ಪ್ರತಿಯೊಂದರ ಬುಡದಲ್ಲಿ ಏನು ಮಾರುತ್ತಿದ್ದರೋ ಅದೇ ಹೆಸರು: ಹಕ್ಕಿಗಳ ಮೆಟ್ಟಿಲು, ಕಬ್ಬಿಣದ ಮೆಟ್ಟಿಲು, ದ್ರಾಕ್ಷಾರಸದ ಮೆಟ್ಟಿಲು, ಸೊಪ್ಪಿನ ಮೆಟ್ಟಿಲು. ನ್ಯಾಯ ಕೇಳಲು ಹೋಗುವವನು ಕೋಳಿ ಬಾತುಗಳ ಗಲಾಟೆಯನ್ನೋ ಕಬ್ಬಿಣದ ಸದ್ದನ್ನೋ ದಾಟಿಕೊಂಡೇ ಹತ್ತಬೇಕಿತ್ತು.

ಅಳತೆ ಕಲ್ಲು, ಮರ್ಯಾದೆ ಕಲ್ಲು

ಕೆಳಗಿನ ವ್ಯಾಪಾರ, ಮೇಲಿನ ಕಾನೂನು ಎರಡೂ ಕೈಕೈ ಹಿಡಿದ ಗುರುತು ಕಟ್ಟಡದ ಒಂದು ಮೂಲೆಯಲ್ಲಿ ಈಗಲೂ ಇದೆ. ಅಲ್ಲಿನ ಕಮಾನು ದಾರಿಗೆ ‘ಹಗ್ಗದ ಕಮಾನು’ ಎಂಬ ಹೆಸರು; ಮೋಸ ಮಾಡಿದವರಿಗೆ ಅಲ್ಲಿ ಹಗ್ಗದ ಶಿಕ್ಷೆಯಾಗುತ್ತಿತ್ತಂತೆ. ಅದೇ ಜಾಗವನ್ನು ಜನ ‘ಸುಳ್ಳಿನ ಮೂಲೆ’ ಎಂದೂ ಕರೆದರು, ಏಕೆಂದರೆ ವ್ಯಾಪಾರದ ಮಾತುಕತೆ ನಡೆಯುತ್ತಿದ್ದುದು ಅಲ್ಲೇ. ಗೋಡೆಯ ಬಿಳಿಗಲ್ಲಿನ ಮೇಲೆ 13ನೇ ಶತಮಾನದ ಪಾದುವಾದ ಅಧಿಕೃತ ಅಳತೆಗಳನ್ನು ಕೆತ್ತಿದ್ದಾರೆ: ಇಟ್ಟಿಗೆ ಎಷ್ಟು ಉದ್ದವಿರಬೇಕು, ಹೆಂಚು ಎಷ್ಟು ಅಗಲ, ಧಾನ್ಯದ ಕೊಳಗ ಎಷ್ಟು, ಬಟ್ಟೆ ಅಳೆಯುವ ಮೊಳ ಎಷ್ಟು. ಓದು ಬಾರದ ರೈತನೂ ತಾನು ಕೊಂಡ ಬಟ್ಟೆಯನ್ನು ಗೋಡೆಗೆ ಹಿಡಿದು ನೋಡಬಹುದು. ಕಡಿಮೆ ಬಿದ್ದರೆ ದೂರು ಕೊಡಲು ಹೆಚ್ಚು ದೂರ ಹೋಗಬೇಕಿರಲಿಲ್ಲ. ಮೆಟ್ಟಿಲು ಹತ್ತಿದರೆ ಸಾಕು.

ಮೇಲೆ ಹಜಾರದಲ್ಲಿ ಇನ್ನೊಂದು ಕಲ್ಲಿದೆ. ಕರಿಯ ಬಣ್ಣದ, ಪೀಠದಂಥ ಈ ಕಲ್ಲಿಗೆ ಅವಮಾನದ ಕಲ್ಲು ಎಂದು ಹೆಸರು. ಸಾಲ ತೀರಿಸಲಾಗದೆ ದಿವಾಳಿಯಾದವನು ಅಂಗಿ, ಒಳಉಡುಪಿನಲ್ಲಿ ನೂರು ಜನರಾದರೂ ನೆರೆದ ಸಭೆಯ ಮುಂದೆ ಬಂದು, ಮೂರು ಸಲ ಈ ಕಲ್ಲಿನ ಮೇಲೆ ಕುಂಡೆ ಊರಿ ಕೂತು, ತನ್ನ ಆಸ್ತಿಯನ್ನೆಲ್ಲ ಬಿಟ್ಟುಕೊಟ್ಟೆ ಎಂದು ಲ್ಯಾಟಿನ್‌ನಲ್ಲಿ ಹೇಳಬೇಕು. ಆಮೇಲೆ ಊರು ಬಿಡಬೇಕು. ಅಪ್ಪಣೆಯಿಲ್ಲದೆ ಮರಳಿ ಬಂದರೆ ಅದೇ ಶಾಸ್ತ್ರ ಮತ್ತೊಮ್ಮೆ, ಈ ಸಲ ತಲೆಯ ಮೇಲೆ ಮೂರು ಕೊಡ ನೀರಿನ ಸಮೇತ.

ಇಂದಿಗೆ ಕ್ರೂರ ಎನಿಸುವ ಈ ಪದ್ಧತಿಯ ಹಿಂದೆ ಆ ಕಾಲದ ಮಟ್ಟಿಗೆ ದೊಡ್ಡ ಸುಧಾರಣೆಯೊಂದಿತ್ತು. ಅಲ್ಲಿಯವರೆಗೆ ಸಾಲಗಾರನ ಗತಿ ಸೆರೆಮನೆಯೇ. 1231ರ ಮಾರ್ಚ್‌ನಲ್ಲಿ ಪಾದುವಾದ ನಗರಸಭೆ ಕಾಯಿದೆಯೊಂದನ್ನು ಮಾಡಿತು: ತನ್ನ ಸೊತ್ತನ್ನೆಲ್ಲ ಬಿಟ್ಟುಕೊಡಲು ಸಿದ್ಧನಿರುವ ಸಾಲಗಾರನನ್ನು ಸೆರೆಯಲ್ಲಿಡಬಾರದು. ಇದಕ್ಕಾಗಿ ಒತ್ತಾಯ ಮಾಡಿದವರು ಫ್ರಾನ್ಸಿಸ್ಕನ್ ಸಂನ್ಯಾಸಿ ಅಂತೋನಿ. ಆ ವರ್ಷದ ಜೂನ್ 13ರಂದು ಅವರು ತೀರಿಕೊಂಡರು. ನಮ್ಮ ಕರಾವಳಿಯಲ್ಲಿ, ಮೈಸೂರು ಸೀಮೆಯಲ್ಲಿ ಸಂತ ಅಂತೋನಿಯವರ ಚರ್ಚುಗಳಿಗೆ ಹರಕೆ ಹೊತ್ತು ಹೋಗುವ ಜನ ನೆನೆಯುವ ಪಾದುವಾದ ಅಂತೋನಿ ಇವರೇ. ಬಡ್ಡಿ ವ್ಯಾಪಾರಕ್ಕೆ ಹೆಸರಾಗಿದ್ದ ಈ ಊರಿನಲ್ಲಿ ಅವರ ಮಾತಿಗೆ ತೂಕವಿತ್ತು. ಮುಂದೆ ದಾಂತೆ ತನ್ನ ಮಹಾಕಾವ್ಯದ ನರಕದಲ್ಲಿ ಬಡ್ಡಿಕೋರರ ಸಾಲಿನಲ್ಲಿ ಕೂರಿಸಿದ್ದು ಪಾದುವಾದ ಸ್ಕ್ರೊವೆನ್ಯಿ ಮನೆತನದವನನ್ನೇ.

1608ರಲ್ಲಿ ಥಾಮಸ್ ಕೋರಿಯಟ್ ಎಂಬ ಇಂಗ್ಲಿಷ್ ಅಲೆಮಾರಿ ಪಾದುವಾಕ್ಕೆ ಬಂದು ಈ ಕಟ್ಟಡವನ್ನೂ ಈ ಕಲ್ಲನ್ನೂ ನೋಡಿ, 1611ರಲ್ಲಿ ಅಚ್ಚಾದ ತನ್ನ ಪ್ರವಾಸಕಥನದಲ್ಲಿ ಬರೆದ. ಅವನ ಕಾಲು ಅಷ್ಟಕ್ಕೇ ನಿಲ್ಲಲಿಲ್ಲ. ಪಶ್ಚಿಮ ಏಷ್ಯಾವನ್ನು ನಡೆದೇ ದಾಟಿ ಅಜ್ಮೀರಿನಲ್ಲಿ ಜಹಾಂಗೀರನ ಆಸ್ಥಾನ ಸೇರಿ, ಕೊನೆಗೆ 1617ರಲ್ಲಿ ಸೂರತ್‌ನಲ್ಲಿ ಸತ್ತ.

ಸಂನ್ಯಾಸಿಯ ಛಾವಣಿ

1237ರಿಂದ 1256ರವರೆಗೆ ಎಜ್ಜೆಲಿನೊ ಎಂಬ ಕ್ರೂರ ಪ್ರಭುವಿನ ಕೈಯಲ್ಲಿ ನಲುಗಿದ ಊರು, ಅವನ ಹಿಡಿತ ತಪ್ಪಿದ ಮೇಲೆ ಐವತ್ತು ವರ್ಷ ಭರ್ಜರಿಯಾಗಿ ಬೆಳೆಯಿತು. ಸಂತ ಅಂತೋನಿಯ ಮಹಾ ದೇವಾಲಯ ಮೇಲೇಳುತ್ತಿತ್ತು. ಸ್ಕ್ರೊವೆನ್ಯಿ ಮನೆತನ ಕಟ್ಟಿಸಿದ ಪ್ರಾರ್ಥನಾಮಂದಿರದಲ್ಲಿ ಜೊತ್ತೊ ಚಿತ್ರ ಬರೆದು ಮುಗಿಸಿದ್ದ. ನೆರೆಯಲ್ಲಿ ಇಷ್ಟೆಲ್ಲ ಎದ್ದು ನಿಂತಾಗ ನಗರಸಭೆಯ ಹಜಾರ ಗಿಡ್ಡಗೆ ಕಂಡಿರಬೇಕು. 1306ರಲ್ಲಿ ಅದನ್ನು ಹಿರಿದು ಮಾಡುವ ಹೊಣೆಯನ್ನು ಊರು ವಹಿಸಿದ್ದು ಫ್ರಾ ಜೊವಾನ್ನಿ ಎಂಬ ಅಗಸ್ಟಿನಿಯನ್ ಸಂನ್ಯಾಸಿಗೆ. ಸಂನ್ಯಾಸಿಯಾದರೂ ಆತ ನುರಿತ ಎಂಜಿನಿಯರ್.

1309ರ ಹೊತ್ತಿಗೆ ಮುಗಿದ ಕೆಲಸ ಕಟ್ಟಡದ ರೂಪವನ್ನೇ ಬದಲಿಸಿತು. ಬೋರಲು ಹಾಕಿದ ಹಡಗಿನ ತಳದಂತೆ ಬಾಗಿದ ಮರದ ಛಾವಣಿ ಮೇಲೆದ್ದಿತು. ಹೊರಗೆ ಅದಕ್ಕೆ ಸೀಸದ ತಗಡಿನ ಹೊದಿಕೆ. ಉತ್ತರ, ದಕ್ಷಿಣ ಎರಡೂ ಬದಿಗೆ ಕಮಾನುಗಳ ಮೊಗಸಾಲೆಗಳು ಸೇರಿಕೊಂಡವು. ಇಂಥ ಬಾಗು ಛಾವಣಿಯ ಗುಣವೇನೆಂದರೆ ಅದು ಭಾರವನ್ನು ಕೆಳಕ್ಕಷ್ಟೇ ಇಳಿಸುವುದಿಲ್ಲ, ಗೋಡೆಗಳನ್ನು ಹೊರಕ್ಕೂ ತಳ್ಳುತ್ತದೆ. ಒಳಗೆ ಕಂಬ ನೆಟ್ಟರೆ ಕಷ್ಟ ಕಳೆಯುತ್ತದೆ, ಆದರೆ ಹಜಾರ ಕೆಡುತ್ತದೆ. ಇಲ್ಲಿ ಅಡ್ಡಲಾಗಿ ಎಳೆದ ಕಬ್ಬಿಣದ ಸರಳುಗಳು ಎರಡೂ ಗೋಡೆಗಳನ್ನು ಒಂದಕ್ಕೊಂದು ಬಿಗಿದು ಹಿಡಿದಿವೆ. ನ್ಯಾಯಾಲಯಕ್ಕೆ ಗಾಂಭೀರ್ಯ ತಂದ ಅದೇ ಮೊಗಸಾಲೆಗಳ ಕೆಳಗೆ ವ್ಯಾಪಾರಿಗಳಿಗೆ ಮಳೆ ಬಿಸಿಲು ತಾಕದ ಇನ್ನಷ್ಟು ಜಾಗ ಸಿಕ್ಕಿತು.

ಈ ಛಾವಣಿಯ ಬಗ್ಗೆ ಪಾದುವಾದಲ್ಲಿ ಹಳೆಯದೊಂದು ಕಥೆಯಿದೆ. ಫ್ರಾ ಜೊವಾನ್ನಿ ದೇಶದೇಶ ಸುತ್ತಿ, ಕಂಡ ಕಟ್ಟಡಗಳ ನಕ್ಷೆಗಳನ್ನು ಬರೆದು ತಂದಿದ್ದನಂತೆ. ಅವುಗಳಲ್ಲಿ ಒಂದು, ಸಮುದ್ರದಾಚೆ ಭಾರತದ ಅರಮನೆಯೊಂದರ ಛಾವಣಿಯದಂತೆ. ಅದನ್ನು ಮೆಚ್ಚಿದ ಊರಿನವರು ತಮ್ಮ ಹಜಾರಕ್ಕೂ ಅಂಥದ್ದನ್ನೇ ಬೇಡಿದರಂತೆ. ಸಂನ್ಯಾಸಿ ಕೂಲಿಯಾಗಿ ಹಣ ಕೇಳದೆ, ಬಿಚ್ಚಿದ ಹಳೆಯ ಛಾವಣಿಯ ಮರ, ಹೆಂಚು ಕೇಳಿ ಪಡೆದು ತನ್ನ ಮಠದ ಎರೆಮಿತಾನಿ ಚರ್ಚಿಗೆ ಹೊದಿಸಿದನಂತೆ.

ಭಾರತದ ಯಾವ ಅರಮನೆ ಎಂದು ಕಥೆ ಹೇಳುವುದಿಲ್ಲ. ಹಡಗು ಕಟ್ಟುವ ಬಡಗಿಗಳು ವೆನಿಸ್‌ನಲ್ಲಿ, ಕೂಗಳತೆಯಲ್ಲೇ ಎನ್ನುವಂತೆ, ಇರುವಾಗ ಅಷ್ಟು ದೂರದಿಂದ ನಕ್ಷೆ ತರಬೇಕಾದ ಅಗತ್ಯವೂ ಇರಲಿಲ್ಲ. ಆದರೆ ಕಥೆ ಇಲ್ಲೇ ಹುಟ್ಟಿದ್ದು ಏಕೆ ಎಂಬುದನ್ನು ಊಹಿಸಬಹುದು. ಆ ದಶಕಗಳಲ್ಲಿ ಪಾದುವಾದ ಮಾತುಕತೆಯಲ್ಲಿ ಭಾರತವಿತ್ತು. ಕೊರಮಂಡಲ, ಮಲಬಾರುಗಳ ಬಂದರುಗಳನ್ನು ಹಾದು ಮಾರ್ಕೊ ಪೋಲೊ 1295ರಲ್ಲಿ ವೆನಿಸ್‌ಗೆ ಮರಳಿದ್ದ. ಪಾದುವಾದ ಪಂಡಿತ ಪಿಯೆತ್ರೊ ದಾಬಾನೊ ಅವನನ್ನು ಕಂಡು ಮಾತಾಡಿಸಿ, ದಕ್ಷಿಣದ ಆಕಾಶದಲ್ಲಿ ಅವನು ಕಂಡ ನಕ್ಷತ್ರದ ವಿವರವನ್ನು ತನ್ನ ಗ್ರಂಥದಲ್ಲಿ ದಾಖಲಿಸಿದ. ಠಾಣೆ, ಕೊಲ್ಲಂ, ಮೈಲಾಪುರಗಳನ್ನು ಕಂಡು ಚೀನಾದವರೆಗೆ ಹೋಗಿಬಂದ ಒದೊರಿಕೊ ಎಂಬ ಫ್ರಾನ್ಸಿಸ್ಕನ್ ಸಂನ್ಯಾಸಿ 1330ರಲ್ಲಿ ತನ್ನ ಪ್ರವಾಸವನ್ನು ಬಾಯಿಬಿಟ್ಟು ಹೇಳಿ ಬರೆಸಿದ್ದು ಇದೇ ಊರಿನ ಸಂತ ಅಂತೋನಿಯ ಮಠದಲ್ಲಿ. ಇಂಥ ಊರಿನಲ್ಲಿ ಜನರ ಊಹೆಗೆ ಮೀರಿದ ಛಾವಣಿಯೊಂದು ಎದ್ದಾಗ ಅದರ ಮೂಲವನ್ನು ಭಾರತದಲ್ಲಿ ಹುಡುಕಿದ್ದು ಸಹಜವೇ.

ಗೋಡೆಯ ಮೇಲೆ ಗ್ರಹಗತಿ

ಹೊಸ ಹಜಾರಕ್ಕೆ ಹೊಸ ಚಿತ್ರಗಳು ಬೇಕಾದವು. ಜೊತ್ತೊ ಬಂದ. ಅವನು ಇಲ್ಲಿ ಬರೆದದ್ದು ಬೈಬಲ್ಲಿನ ಕಥೆಯಲ್ಲ. ರಾಶಿ, ಗ್ರಹ, ನಕ್ಷತ್ರಗಳ ಲೋಕ. ಅದರ ಹಿಂದಿದ್ದ ತಲೆ ಪಿಯೆತ್ರೊ ದಾಬಾನೊನದು. ವೈದ್ಯ, ಜ್ಯೋತಿಷಿ, ಕಾನ್‌ಸ್ಟಾಂಟಿನೋಪಲ್‌ಗೆ ಹೋಗಿ ಗ್ರೀಕ್ ಕಲಿತು ಬಂದವನು. ಧರ್ಮದ್ರೋಹದ ಆರೋಪದ ವಿಚಾರಣೆ ನಡೆಯುತ್ತಿರುವಾಗಲೇ ಪ್ರಾಣಬಿಟ್ಟವನು.

ನ್ಯಾಯಾಲಯದ ಗೋಡೆಗೆ ಜ್ಯೋತಿಷವೇಕೆ? ಮನುಷ್ಯನ ಸ್ವಭಾವ, ಕಸುಬು, ಕಾಯಿಲೆಗಳೆಲ್ಲ ಹುಟ್ಟಿದ ಗಳಿಗೆಯ ಗ್ರಹಸ್ಥಿತಿಗೆ ಬೆಸೆದಿವೆ ಎಂಬುದು ಆ ಕಾಲದ ವಿದ್ವಾಂಸರ ನಂಬಿಕೆ. ಮನುಷ್ಯರ ನಡತೆಯನ್ನು ತೂಗುವ ಜಾಗದಲ್ಲಿ ಆ ನಡತೆಯ ಮೂಲವನ್ನೂ ಬರೆದಿಡುವುದು ಅವರಿಗೆ ಸರಿಯಾಗಿ ಕಂಡಿತು. ರಾಶಿಯೊಂದನ್ನು ಹತ್ತು ಹತ್ತು ಅಂಶಗಳ ಮೂರು ಭಾಗ ಮಾಡಿ ಒಂದೊಂದಕ್ಕೂ ಒಂದು ರೂಪ ಕೊಡುವುದು ನಮ್ಮ ಜಾತಕ ಶಾಸ್ತ್ರದವರಿಗೂ ಗೊತ್ತು, ಅದೇ ದ್ರೇಕ್ಕಾಣ. ಗ್ರೀಕರ ಕಡೆಯಿಂದ ಭಾರತಕ್ಕೆ ಬಂದ ಈ ಕಲ್ಪನೆಗೆ ವರಾಹಮಿಹಿರ 6ನೇ ಶತಮಾನದಲ್ಲಿ ‘ಬೃಹಜ್ಜಾತಕ’ದಲ್ಲಿ ಸ್ಪಷ್ಟ ರೂಪಗಳನ್ನು ಕೊಟ್ಟ. 9ನೇ ಶತಮಾನದಲ್ಲಿ ಬಾಗ್ದಾದಿನ ಅಬೂ ಮಅಷರ್ ‘ಭಾರತೀಯರ ಮತ’ವೆಂದೇ ಅವನ್ನು ಅರಬ್ಬಿಯಲ್ಲಿ ದಾಖಲಿಸಿದ. ಅಲ್ಲಿಂದ ಹೀಬ್ರೂ ಲೇಖಕ ಇಬ್ನ್ ಎಜ್ರಾನ ಮೂಲಕ ಅವು ಪಿಯೆತ್ರೊನ ಲ್ಯಾಟಿನ್‌ಗೆ ಇಳಿದವು. ಕಲಾ ಇತಿಹಾಸಕಾರ ಆಬಿ ವಾರ್‌ಬುರ್ಗ್ 1912ರಲ್ಲಿ, ನೆರೆಯ ಫೆರಾರಾದ ಅರಮನೆಯ ಚಿತ್ರಗಳ ಜಾಡು ಹಿಡಿದು ಹೊರಟಾಗ ಬಿಚ್ಚಿಟ್ಟ ದಾರಿ ಇದು. ಆ ದಾರಿಯಲ್ಲಿ ಪಾದುವಾದ ಪಿಯೆತ್ರೊ ಒಂದು ಮುಖ್ಯ ತಂಗುದಾಣ. ಛಾವಣಿ ಭಾರತದಿಂದ ಬಂತೆನ್ನಲು ಪುರಾವೆಯಿಲ್ಲ. ಗೋಡೆಯ ಜ್ಯೋತಿಷದಲ್ಲಿ ಭಾರತದ ಪಾಲು ಇತ್ತೆಂಬುದಕ್ಕೆ ಇದೆ.

ಗೋಡೆಯ ಕೆಳಪಟ್ಟಿಯ ಚಿತ್ರಗಳ ಕೆಲಸ ಬೇರೆ. ಇಲ್ಲಿ ಒಂದಲ್ಲ, ಹಲವು ನ್ಯಾಯಪೀಠಗಳು ಒಟ್ಟಿಗೇ ನಡೆಯುತ್ತಿದ್ದವು. ಪ್ರತಿ ಪೀಠಕ್ಕೂ ಒಂದು ಪ್ರಾಣಿಯ ಗುರುತು: ಕರಡಿ, ನರಿ, ಒಂಟೆ, ಜಿಂಕೆ, ಹದ್ದು. ಅಕ್ಷರ ಬಾರದ ಕಕ್ಷಿದಾರನಿಗೆ ‘ನಿನ್ನ ಕೇಸು ನರಿ ಪೀಠದಲ್ಲಿ’ ಎಂದರೆ ಸಾಕು, ಗೋಡೆಯ ಮೇಲೆ ನರಿಯನ್ನು ಹುಡುಕಿಕೊಂಡು ಹೋಗಿ ನಿಲ್ಲುತ್ತಿದ್ದ.

ಬೆಂಕಿ ಕೊಟ್ಟ ಹಜಾರ

1318ರಿಂದ ಕರ್ರಾರಾ ಮನೆತನ ಊರನ್ನು ಆಳಿತು. 1405ರಲ್ಲಿ ವೆನಿಸ್ ಅದನ್ನು ನುಂಗಿತು. ಹೊಸ ದೊರೆತನ ಬಂದ ಹದಿನೈದೇ ವರ್ಷಕ್ಕೆ, 1420ರ ಫೆಬ್ರವರಿ 2ರಂದು, ಹಜಾರಕ್ಕೆ ಬೆಂಕಿ ಬಿತ್ತು. ಫ್ರಾ ಜೊವಾನ್ನಿಯ ಛಾವಣಿ ಹೋಯಿತು, ಜೊತ್ತೊನ ಚಿತ್ರಗಳೂ ಹೋದವು.

ವೆನಿಸ್ ಕಟ್ಟಡವನ್ನು ಹಾಗೇ ಬಿಡಬಹುದಿತ್ತು. ಸ್ವತಂತ್ರ ಪಾದುವಾದ ಹೆಗ್ಗುರುತನ್ನು ಎಬ್ಬಿಸಿ ನಿಲ್ಲಿಸುವುದರಿಂದ ಗೆದ್ದವರಿಗೇನು ಲಾಭ? ಆದರೆ ಊರಿಗೆ ನ್ಯಾಯಪೀಠ ಬೇಕೇ ಬೇಕು, ಸಂತೆಗೆ ಅಳತೆ ತೂಕದ ಉಸ್ತುವಾರಿ ಬೇಕೇ ಬೇಕು. ವೆನಿಸ್ಸಿನ ಶಿಲ್ಪಿಗಳು ಬಂದು ಛಾವಣಿಯನ್ನು ಹಳೆಯ ಆಕಾರದಲ್ಲೇ ಎಬ್ಬಿಸಿದರು. ಒಂದು ವಿಷಯದಲ್ಲಿ ಮಾತ್ರ ಹಳೆಯದನ್ನು ಬಿಟ್ಟರು. ಮೊದಲು ಮೇಲಂತಸ್ತು ಅಡ್ಡಗೋಡೆಗಳಿಂದ ಮೂರು ಕೋಣೆಗಳಾಗಿತ್ತು. ಅವರು ಆ ಗೋಡೆಗಳನ್ನು ತೆಗೆದುಹಾಕಿ ಇಡೀ ಅಂತಸ್ತನ್ನು ಒಂದಾಗಿಸಿದರು. ನಾವು ಇಂದು ಮಧ್ಯಯುಗದ ಸ್ವತಂತ್ರ ನಗರದ ಸಾಹಸವೆಂದು ಬೆರಗಾಗುವ 81 ಮೀಟರಿನ ಏಕಾಂಗಣವನ್ನು ಕೊಟ್ಟಿದ್ದು ಬೆಂಕಿ, ಮತ್ತು ಆ ಸ್ವಾತಂತ್ರ್ಯವನ್ನು ಕಿತ್ತುಕೊಂಡ ವೆನಿಸ್.

ಸುಟ್ಟ ಚಿತ್ರಗಳ ಜಾಗದಲ್ಲಿ ಮುಂದಿನ ಎರಡು ದಶಕಗಳಲ್ಲಿ ನಿಕೊಲೊ ಮಿರೆತ್ತೊ ಮತ್ತು ಫೆರಾರಾದ ಸ್ತೆಫಾನೊ ಹೊಸ ಚಿತ್ರ ಬರೆದರು. ಮುನ್ನೂರಕ್ಕೂ ಮಿಕ್ಕ ಚೌಕಗಳು, ಮೂರು ಸಾಲು, ಹನ್ನೆರಡು ತಿಂಗಳು. ಪ್ರತಿ ತಿಂಗಳಿಗೂ ಒಬ್ಬ ಅಪೊಸ್ತಲ, ಒಂದು ರಾಶಿ, ಅದರ ಗ್ರಹ, ಆ ತಿಂಗಳ ಹೊಲದ ಕೆಲಸ, ಆ ನಕ್ಷತ್ರಗಳಡಿ ಹುಟ್ಟಿದವರ ಕಸುಬುಗಳು. ಪಿಯೆತ್ರೊನ ಯೋಜನೆಯನ್ನೇ ಅವರು ಅನುಸರಿಸಿದರೆಂಬುದು ವಿದ್ವಾಂಸರ ಸಾಮಾನ್ಯ ಅಭಿಪ್ರಾಯ. ಕೆಳಪಟ್ಟಿಯಲ್ಲಿ ಮಾತ್ರ 14ನೇ ಶತಮಾನದ ಕೆಲವು ಭಾಗಗಳು ಬೆಂಕಿಯಿಂದ ಪಾರಾಗಿ ಉಳಿದಿವೆ. 2021ರಲ್ಲಿ ಯುನೆಸ್ಕೊ ಪಾದುವಾದ 14ನೇ ಶತಮಾನದ ಭಿತ್ತಿಚಿತ್ರಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಎಂಟು ತಾಣಗಳಲ್ಲಿ ಈ ಹಜಾರವೂ ಒಂದಾಯಿತು.

ನೆರೆಯ ವಿಚೆಂಜಾ ಪಟ್ಟಣ 15ನೇ ಶತಮಾನದಲ್ಲಿ ಇದೇ ಮಾದರಿಯಲ್ಲಿ ತನ್ನ ನ್ಯಾಯಸೌಧವನ್ನು ಕಟ್ಟಿಕೊಂಡಿತು. ಅದರ ಸುತ್ತ 1549ರಿಂದ ಕಲ್ಲಿನ ಕಮಾನುಗಳ ಹೊಸ ಮೈ ತೊಡಿಸಿದ ವಾಸ್ತುಶಿಲ್ಪಿ ಪಲ್ಲಾಡಿಯೊ ಹುಟ್ಟಿದ್ದು ಪಾದುವಾದಲ್ಲಿ, 1508ರಲ್ಲಿ.

ಗಾಳಿಗೆ ಹಾರಿದ ಮಾಡು

1756ರ ಆಗಸ್ಟ್ 17ರಂದು ಊರಿಗೆ ಸುಂಟರಗಾಳಿ ಬಡಿಯಿತು. ಅಷ್ಟು ದೊಡ್ಡ ಬಾಗು ಛಾವಣಿಗೆ ಅದರ ಹಗುರತನವೇ ಮುಳುವಾಯಿತು. ಗಾಳಿ ಅದನ್ನು ಕಿತ್ತೆಸೆಯಿತು. ಮತ್ತೆ ನಿಲ್ಲಿಸಿದವನು ಬಾರ್ತೊಲೊಮೆಯೊ ಫೆರ್ರಾಚಿನಾ. ಬಸ್ಸಾನೊ ಬಳಿಯ ಸೊಲಾನ್ಯಾ ಎಂಬ ಹಳ್ಳಿಯವನು. ಶಾಲೆ ಕಲಿತ ಎಂಜಿನಿಯರ್ ಅಲ್ಲ, ಕೈಕೆಲಸದಿಂದಲೇ ಮೇಲೆ ಬಂದ ಯಂತ್ರಕುಶಲಿ. ಬಸ್ಸಾನೊದಲ್ಲಿ ಪಲ್ಲಾಡಿಯೊನ ಮರದ ಸೇತುವೆ ಪ್ರವಾಹಕ್ಕೆ ಕೊಚ್ಚಿಹೋದಾಗ ಮತ್ತೆ ಕಟ್ಟಿದವನೂ, ವೆನಿಸ್ಸಿನ ಸಂತ ಮಾರ್ಕನ ಚೌಕದ ಗಡಿಯಾರಕ್ಕೆ ಹೊಸ ಯಂತ್ರ ಕೂರಿಸಿದವನೂ ಅವನೇ. ಇಂದು ನಾವು ನೋಡುವ ಛಾವಣಿಯಲ್ಲಿ ಸಂನ್ಯಾಸಿಯ ಆಕಾರವಿದೆ, ಈ ಕುಶಲಿಯ ಕೆಲಸವಿದೆ.

ಕೋರ್ಟು ಹೋದ ಮೇಲೆ

1797ರಲ್ಲಿ ನೆಪೋಲಿಯನ್ ವೆನಿಸ್ ಗಣರಾಜ್ಯವನ್ನು ಮುಗಿಸಿದ. ಅದರೊಂದಿಗೆ ಹಜಾರದ ನ್ಯಾಯಪೀಠಗಳೂ ಎದ್ದುಹೋದವು. ಆರು ಶತಮಾನಕ್ಕೆ ಹತ್ತಿರ ಹತ್ತಿರ ನಡೆದ ಕೆಲಸ ನಿಂತಿತು. ಬರಿದಾದ ಹಜಾರ ಊರಿನ ನೆನಪುಗಳನ್ನು ಇಡುವ ಜಾಗವಾಯಿತು. ಆ ಅಭ್ಯಾಸ ಹಳೆಯದೇ: 1413ರಲ್ಲಿ ಸಾಂತಾ ಜುಸ್ತಿನಾ ಮಠದಲ್ಲಿ ಸಿಕ್ಕ ಮೂಳೆಗಳನ್ನು ಲಿವಿಯವೇ ಎಂದು ನಂಬಿ ಊರು ಸಂಭ್ರಮದಿಂದ ಇಲ್ಲಿಗೆ ತಂದಿತ್ತು. ಜೊತೆಗಿದ್ದ ಶಾಸನ ಲಿವಿಯದಲ್ಲ, ಅದೇ ಮನೆತನದ ಹೆಸರು ಹೊತ್ತ ಬಿಡುಗಡೆಯಾದ ಗುಲಾಮನೊಬ್ಬನದು ಎಂದು ಆಮೇಲೆ ತಿಳಿಯಿತು. 1819ರಲ್ಲಿ ಪಾದುವಾದ ಮಗ, ಈಜಿಪ್ಟಿನ ಪುರಾತನ ವಸ್ತುಗಳ ಬೇಟೆಗಾರ ಬೆಲ್ಜೋನಿ, ಸೆಖ್ಮೆಟ್ ದೇವತೆಯ ಎರಡು ಶಿಲೆಗಳನ್ನು ಊರಿಗೆ ಕೊಟ್ಟ. 1466ರ ಉತ್ಸವವೊಂದಕ್ಕೆಂದು ಕಾಪೊದಿಲಿಸ್ತಾ ಮನೆತನ ಮಾಡಿಸಿದ್ದ ಮರದ ದೈತ್ಯ ಕುದುರೆ 1837ರಲ್ಲಿ ಇಲ್ಲಿಗೆ ಬಂತು. ಶಿಲ್ಪಿ ದೊನಾತೆಲ್ಲೊ ಇದೇ ಊರಿನಲ್ಲಿ ನಿಲ್ಲಿಸಿದ ದಂಡನಾಯಕ ಗತ್ತಮೆಲಾತಾನ ಕಂಚಿನ ಕುದುರೆಯ ಛಾಯೆ ಅದರಲ್ಲಿದೆ.

ಇದೇ 19ನೇ ಶತಮಾನದಲ್ಲಿ ಪಕ್ಕದ ಇನ್ನೊಂದು ಕಟ್ಟಡಕ್ಕೆ ಬೇರೆಯದೇ ಗತಿಯಾಯಿತು. ಅದು ಸೊತ್ತು ಬಿಟ್ಟುಕೊಡಲೊಪ್ಪದ ಸಾಲಗಾರರನ್ನು ಕೂಡಿಹಾಕುತ್ತಿದ್ದ ಸೆರೆಮನೆ. ಅದೂ ಹಳೆಯದೇ, ಅದೂ ಊರಿನ ಆಡಳಿತದ ಭಾಗವೇ. 1870ರ ದಶಕದಲ್ಲಿ ಅದನ್ನು ಕೆಡವಿ, ವಾಸ್ತುಶಿಲ್ಪಿ ಕಮಿಲ್ಲೊ ಬೋಯಿತೊನ ಹೊಸ ಕಟ್ಟಡ ಎಬ್ಬಿಸಿದರು. ಸೆರೆಮನೆಗೆ ಒಂದೇ ಕೆಲಸವಿತ್ತು. ಅದು ಮುಗಿದ ದಿನ ಕಟ್ಟಡವೂ ಮುಗಿಯಿತು.

ಹಜಾರಕ್ಕೆ ಹಾಗಾಗಲಿಲ್ಲ. ಅದರ ಛಾವಣಿಯ ಮರ 18ನೇ ಶತಮಾನದ್ದು, ಚಿತ್ರಗಳಲ್ಲಿ ಬಹುಪಾಲು 15ನೇ ಶತಮಾನದ್ದು, ಮೊಗಸಾಲೆ 14ನೇ ಶತಮಾನದ್ದು. ಕೋರ್ಟಂತೂ ಎರಡು ಶತಮಾನದ ಹಿಂದೆಯೇ ಹೋಯಿತು. 13ನೇ ಶತಮಾನದಿಂದ ಇಂದಿನವರೆಗೆ ಕೆಲಸ ಬದಲಿಸದೆ ಉಳಿದಿರುವುದು ಕೆಳಗಿನ ಅಂಗಡಿ ಸಾಲೊಂದೇ. ಮೇಲೆ ಛಾವಣಿ ಇಲ್ಲದ ದಿನಗಳಲ್ಲೂ ಊರಿಗೆ ಮಾಂಸ, ಗಿಣ್ಣು, ಮೀನು ಬೇಕಿತ್ತು. ಅವನ್ನು ಮಾರುವವರಿಗೆ ತಲೆಯ ಮೇಲೆ ಗಟ್ಟಿ ಕಮಾನು ಬೇಕಿತ್ತು. ಕಾನೂನನ್ನು ಸಂತೆಯ ಮೇಲೆ ಕೂರಿಸಿದ 1218ರ ಜನ ವ್ಯಾಪಾರಕ್ಕೆ ಕಾವಲು ಬೇಕೆಂದು ಹಾಗೆ ಮಾಡಿದ್ದರು. ಕಡೆಗೆ ಆ ವ್ಯಾಪಾರವೇ ಕಟ್ಟಡವನ್ನು ಕಾಯಿತು. ಹಳೆಯ ಕಟ್ಟಡಗಳನ್ನು ಉಳಿಸುವ ಹುಮ್ಮಸ್ಸಿನಲ್ಲಿ ಮೊದಲು ಅಂಗಡಿಗಳನ್ನು ಖಾಲಿ ಮಾಡಿಸಿ ಬೇಲಿ ಹಾಕುವವರು ಪಾದುವಾದ ಈ ಲೆಕ್ಕವನ್ನು ಒಮ್ಮೆ ನೋಡಬೇಕು.